ರಿಜಿಸ್ಟ್ರಿಗೆ ಬಂದ ಮುಯ್ಯಿ ಬ್ಯಾಂಕಿಗೆ ಹಾಕಿಕೊಳ್ಳೋ ಮುಂಚೆ

ಅಮೆರಿಕದಲ್ಲಿ ಮದುವೆ ಆಗ್ತಿರೋರಿಗೆ ಒಂದು ಮಾತು. ಆನ್‌ಲೈನ್ ರಿಜಿಸ್ಟ್ರಿ (ಮದುವೆ ಉಡುಗೊರೆಗಳ ಪಟ್ಟಿ ಹಾಕೋ ವೆಬ್‌ಸೈಟ್) ಮೂಲಕ ನೆಂಟರು ಉಡುಗೊರೆಯಾಗಿ ಹಾಕೋ ಕ್ಯಾಶ್ ಫಂಡ್ ದುಡ್ಡು ತಾನಾಗೇ ಬ್ಯಾಂಕಿಗೆ ಬರುತ್ತೆ ಅಂದ್ಕೋಬೇಡಿ; ಎಷ್ಟೋ ಕಡೆ ನಾವೇ ಟ್ರಾನ್ಸ್‌ಫರ್ ಒತ್ತಬೇಕು. ಸರ್‌ನೇಮ್ ಬದಲಾಯಿಸೋರಂತೂ ಅದಕ್ಕೆ ಮೊದಲೇ ದುಡ್ಡು ತೆಗೆದುಬಿಡಿ. ನನ್ನದು ರಿಜಿಸ್ಟ್ರಿಯಲ್ಲಿ ಹಳೇ ಹೆಸರು, ಬ್ಯಾಂಕಲ್ಲಿ ಹೊಸದು. ಹೊಂದಲಿಲ್ಲ ಅಂತ 3 ವಾರ ತಡೆದಿಟ್ಟರು, ಮ್ಯಾರೇಜ್ ಸರ್ಟಿಫಿಕೇಟ್ ಕಳಿಸಿದ ಮೇಲೇ ಬಿಟ್ಟಿದ್ದು. ನೆಂಟರು ಕ್ರೆಡಿಟ್ ಕಾರ್ಡಲ್ಲಿ ಕೊಟ್ಟರೆ ಶುಲ್ಕ ಯಾರ ಮೇಲೆ ಬೀಳುತ್ತೆ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡ್ಕೊಳ್ಳಿ.

ಎಲ್ಲಕ್ಕಿಂತ ಮುಖ್ಯ, ಯಾರು ಎಷ್ಟು ಕೊಟ್ಟರು, ಏನು ಬರೆದರು ಅನ್ನೋ ಪಟ್ಟಿ ಡೌನ್‌ಲೋಡ್ ಮಾಡಿಟ್ಕೊಳ್ಳಿ. ಅಮ್ಮ ಇವತ್ತಿಗೂ ಅಕ್ಕನ ಮದುವೆಯ ಮುಯ್ಯಿ ಪುಸ್ತಕ ತೆಗೆದು, ‘101 ರೂ., ಒಂದು ಸ್ಟೀಲ್ ಡಬ್ಬ’ ಅನ್ನೋ ಸಾಲಿನ ಮೇಲೆ ಬೆರಳಿಟ್ಟು ನೋಡಿಯೇ ಆ ಮನೆಯ ಮದುವೆಗೆ ಹೊರಡೋದು.