ಚೆರ್ನಿ ಅಭ್ಯಾಸ: ಬೆರಳು ಓಡಿಸುವ ಮೊದಲು ಹೆಬ್ಬೆರಳು ನೋಡಿ

ಮಗಳು ಬಿಟ್ಟುಹೋದ ಡಿಜಿಟಲ್ ಪಿಯಾನೊ ಮುಂದೆ ನಾನು ಕೂತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಹಳೇ ಕಾಲದ ಪಿಯಾನೊ ಮೇಷ್ಟ್ರು ಕಾರ್ಲ್ ಚೆರ್ನಿ ಬರೆದ ವೇಗದ ಅಭ್ಯಾಸಗಳ ಪುಸ್ತಕ 'ಸ್ಕೂಲ್ ಆಫ್ ವೆಲಾಸಿಟಿ', ಅಂದರೆ ಅವನ ಓಪಸ್ (ಕೃತಿಸಂಖ್ಯೆ) 299, ತೆರೆದೆ. ಮೊದಲ ಪಾಠದ ತಲೆಯ ಮೇಲೇ 'ಪ್ರೆಸ್ಟೊ', ಅಂದರೆ ತುಂಬಾ ವೇಗವಾಗಿ, ಅಂತಿತ್ತು. ಸರಿ, ಓಡಿಸಿದೆ. ಎರಡು ತಿಂಗಳಿಗೆ ಮಣಿಕಟ್ಟು ಹಿಡಿದುಕೊಂಡಿತು. ಚೆರ್ನಿ ತಾನು ಹೇಗೆ ಕಲಿತ ಅಂತ ಓದಿದ ಮೇಲೆಯೇ ನನ್ನ ಎಡವಟ್ಟು ತಿಳಿದದ್ದು.

ಅವನು ಹುಟ್ಟಿದ್ದು 1791ರಲ್ಲಿ, ವಿಯೆನ್ನಾದಲ್ಲಿ. ಅಪ್ಪನೇ ಪಿಯಾನೊ ಮೇಷ್ಟ್ರು. ಹತ್ತು ವರ್ಷದ ಹುಡುಗನನ್ನು ಬೀಥೋವನ್ ಮನೆಗೆ ಕರೆದುಕೊಂಡು ಹೋದರು. ಹುಡುಗ ಮೊಜಾರ್ಟ್‌ನ ಕಾನ್ಸರ್ಟೊ ನುಡಿಸಿದ, ಆಮೇಲೆ ಬೀಥೋವನ್‌ನದೇ 'ಪತೆಟಿಕ್' ಸೊನಾಟಾ. ಅಂಥವನಿಗೂ ಮೊದಲ ಪಾಠಗಳಲ್ಲಿ ಸಿಕ್ಕಿದ್ದು ಬರೀ ಸ್ಕೇಲ್, ಅಂದರೆ ಸ್ವರಗಳ ಆರೋಹಣ-ಅವರೋಹಣ. ಕೈ ಹೇಗಿಡಬೇಕು, ಮುಖ್ಯವಾಗಿ ಹೆಬ್ಬೆರಳು ಹೇಗೆ ಬಳಸಬೇಕು. ಆಗಿನ ಎಷ್ಟೋ ವಾದಕರಿಗೆ ಇದು ಗೊತ್ತೇ ಇರಲಿಲ್ಲ ಅಂತ ಚೆರ್ನಿ ಬರೆದುಕೊಂಡಿದ್ದಾನೆ.

ಹಾಗಾಗಿ ನೀವೂ ಅಲ್ಲಿಂದಲೇ ಶುರು ಮಾಡಿ. ಸಿ ಮೇಜರ್ ತಗೊಳ್ಳಿ, ನಮ್ಮ ಶಂಕರಾಭರಣದ ಸ್ವರಗಳೇ. ಬಲಗೈ ಮಾತ್ರ. ಸ ಹೆಬ್ಬೆರಳು, ರಿ ತೋರುಬೆರಳು, ಗ ನಡುಬೆರಳು. ಮ ಬಂದಾಗ ಹೆಬ್ಬೆರಳು ಮತ್ತೆ ಬರಬೇಕು, ನಡುಬೆರಳಿನ ಕೆಳಗೆ ನುಸುಳಿಕೊಂಡು. ಎಲ್ಲರೂ ಎಡವುವುದು ಇಲ್ಲೇ. ಮ ಬರುವ ತನಕ ಹೆಬ್ಬೆರಳು ಸುಮ್ನೆ ಹೊರಗಡೆ ನಿಂತಿರುತ್ತದೆ, ಕೊನೆ ಗಳಿಗೆಯಲ್ಲಿ ಮೊಣಕೈ ಎತ್ತಿ ಒಳಗೆ ತಳ್ಳುತ್ತೇವೆ, ಧಡ್ ಅಂತ ಬೀಳುತ್ತದೆ. ಬದಲಿಗೆ ತೋರುಬೆರಳು ರಿ ಒತ್ತುತ್ತಿದ್ದ ಹಾಗೇ ಹೆಬ್ಬೆರಳು ಒಳಗೆ ಹೊರಡಲಿ. ಗ ನುಡಿಯುವಾಗ ಅದು ಮ ಕೀಲಿಯ ಮೇಲೆ ಕಾಯುತ್ತಿರಬೇಕು. ಮೊಣಕೈ ಅಲುಗಬಾರದು. ಇಳಿಯುವಾಗ ಉಲ್ಟಾ: ಹೆಬ್ಬೆರಳು ಮ ಮೇಲೆ ಇರುವಾಗ ನಡುಬೆರಳು ಅದನ್ನು ದಾಟಿ ಗ ಮೇಲೆ ಇಳಿಯುತ್ತದೆ.

ಲಯ ಬಡಿಯುವ ಮೆಟ್ರೊನೋಮ್ 60ಕ್ಕೆ ಇಡಿ, ಅಂದರೆ ನಿಮಿಷಕ್ಕೆ ಅರವತ್ತು ಬಡಿತ. ಒಂದು ಬಡಿತಕ್ಕೆ ಒಂದು ಸ್ವರ, ಆಮೇಲೆ ಎರಡು, ಆಮೇಲೆ ನಾಲ್ಕು. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿದವರಿಗೆ ಇದು ಹೊಸದೇನಲ್ಲ, ಅಲ್ವಾ?

ಇನ್ನು ಪರೀಕ್ಷೆ. ಫೋನಿನಲ್ಲಿ ರೆಕಾರ್ಡ್ ಮಾಡಿ, ಕಣ್ಣು ಮುಚ್ಚಿ ಕೇಳಿ. ಹೆಬ್ಬೆರಳು ಬಿದ್ದದ್ದು ಎಲ್ಲಿ ಅಂತ ಕಿವಿಗೆ ತಿಳಿದರೆ ಇನ್ನೊಂದು ವಾರ ಅಲ್ಲೇ ಇರಿ. ನನಗೆ ಐದು ವಾರ ಹಿಡಿಯಿತು.

ಬೇಜಾರಾಗುತ್ತದೆ, ಸುಳ್ಳು ಹೇಳಲ್ಲ. ಮುಂದೆ ದೊಡ್ಡ ಪಿಯಾನೊ ವಾದಕನಾದ, ಚೆರ್ನಿಯ ಶಿಷ್ಯ ಪುಟ್ಟ ಫ್ರಾಂಜ್ ಲಿಸ್ಟ್‌ಗೂ ಆಗಿತ್ತು. ಕುರ್ಚಿಯಲ್ಲಿ ಕುಡಿದವನ ಹಾಗೆ ತೂರಾಡುತ್ತಾ ನುಡಿಸುತ್ತಿದ್ದ ಹುಡುಗ ಅವನು. ಚೆರ್ನಿ ಕಾಸು ತಗೊಳ್ಳದೆ ಪಾಠ ಹೇಳಿದ, ಆದರೆ ಸ್ಕೇಲ್ ಮತ್ತು ತಾಳ ನೆಟ್ಟಗಾಗುವವರೆಗೆ ಆರ್ಭಟದ ಕೃತಿಗಳನ್ನು ಮುಟ್ಟಲು ಬಿಡಲಿಲ್ಲ. ಮುಂದೆ ಲಿಸ್ಟ್ ತನ್ನ 'ಟ್ರಾನ್ಸೆಂಡೆಂಟಲ್ ಎಟೂಡ್' ಎಂಬ ಅಭ್ಯಾಸ ಕೃತಿಗಳನ್ನು ಇದೇ ಮೇಷ್ಟ್ರಿಗೆ ಅರ್ಪಿಸಿದ.

ಈಗ 299ರ ಒಂದನೇ ಪಾಠ ತೆರೆಯಿರಿ. ಬಲಗೈಯಲ್ಲಿ ಅದೇ ಸ್ಕೇಲ್ ಓಡುತ್ತದೆ, ಎಡಗೈಯಲ್ಲಿ ಕಾರ್ಡ್‌ಗಳು, ಅಂದರೆ ಒಟ್ಟಿಗೆ ಒತ್ತುವ ಸ್ವರಗುಚ್ಛಗಳು. ಪ್ರೆಸ್ಟೊ ಪದದ ಮೇಲೆ ಒಂದು ಚೀಟಿ ಅಂಟಿಸಿ. ಒಮ್ಮೆಗೆ ನಾಲ್ಕೇ ಬಾರ್ (ಸ್ವರಲಿಪಿಯಲ್ಲಿ ಅಡ್ಡಗೆರೆಗಳ ನಡುವಿನ ಭಾಗ). ಮುಂಗೈ ಬಿಗಿಯಾದರೆ ಅವತ್ತಿಗೆ ಸಾಕು, ಎದ್ದು ಕಾಫಿ ಕುಡಿಯಿರಿ. ಎರಡನೇ ಪಾಠದಲ್ಲಿ ಓಟ ಎಡಗೈಗೆ ಬರುತ್ತದೆ. ನಾನೀಗ ಅಲ್ಲಿದ್ದೇನೆ, ಎಡಗೈ ಹೆಬ್ಬೆರಳು ಇನ್ನೂ ಧಡ್ ಅನ್ನುತ್ತಿದೆ.