ಗೃಹಸಾಲಕ್ಕೆ ಸಹಿ ಹಾಕುವ ಮೊದಲು ಆರು ತಿಂಗಳು ಕಂತು ಕಟ್ಟಿ ನೋಡಿ

ಗೃಹಸಾಲ ಮಾಡಿಸಿಕೊಡುವುದು ನನ್ನ ಕೆಲಸ. ಬಂದವರು ಕುರ್ಚಿ ಎಳೆದುಕೊಳ್ಳುವಾಗಲೇ ಕೇಳುತ್ತಾರೆ: "ನಮಗೆ ಎಷ್ಟು ಲೋನ್ ಸಿಗುತ್ತೆ ಸರ್?" ಎಷ್ಟು ಸಿಗುತ್ತದೆ ಅನ್ನೋದು ಬ್ಯಾಂಕಿನ ಲೆಕ್ಕ. ಆದಾಯ, ಈಗಿರುವ ಕಂತು, ವಯಸ್ಸು, ಕ್ರೆಡಿಟ್ ಸ್ಕೋರ್ (ಹಿಂದಿನ ಸಾಲ ಹೇಗೆ ಕಟ್ಟಿದ್ದೀರಿ ಅನ್ನೋದಕ್ಕೆ ಕೊಡುವ ಅಂಕ) ನೋಡಿ ಅವರೊಂದು ಅಂಕಿ ಹೇಳುತ್ತಾರೆ. ಅಮ್ಮನ ಔಷಧಿ, ತಮ್ಮನಿಗೆ ಆಗಾಗ ಕೊಡುವ ಕೈಗಡ ಆ ಲೆಕ್ಕದಲ್ಲಿ ಬರುವುದಿಲ್ಲ. ಆದ್ದರಿಂದ ಉಲ್ಟಾ ಕಡೆಯಿಂದ ಶುರು ಮಾಡಿ. ತಿಂಗಳಿಗೆ ಎಷ್ಟು ಕಂತು ಕಟ್ಟಲು ಆಗುತ್ತದೆ ಅಂತ ಮೊದಲು ನೋಡಿ, ಸಾಲದ ಮೊತ್ತ ಆಮೇಲೆ.

ಇದಕ್ಕೆ ಬೇಕಾಗಿರುವುದು ಹನ್ನೆರಡು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಮೂರು ತಿಂಗಳದ್ದು ಸಾಲದು, ಯಾಕಂದರೆ ಮನೆಯ ದೊಡ್ಡ ಖರ್ಚುಗಳು ವರ್ಷಕ್ಕೊಮ್ಮೆ ಬರುತ್ತವೆ. ಒಮ್ಮೆ ಗಂಡ-ಹೆಂಡತಿ ತಿಂಗಳ ಖರ್ಚನ್ನು ಅಂದವಾಗಿ ಬರೆದುಕೊಂಡು ಬಂದಿದ್ದರು. ಬಾಡಿಗೆ, ದಿನಸಿ, ಕರೆಂಟು, ಪೆಟ್ರೋಲು ಎಲ್ಲ ಇತ್ತು. ಗಂಡ ಓದುತ್ತಾ ಹೋದ. ಹೆಂಡತಿ ಸುಮ್ನೆ ಪೆನ್ನು ತೆಗೆದುಕೊಂಡು ಕೆಳಗೆ ಬರೆಯತೊಡಗಿದರು: ಇನ್ಶೂರೆನ್ಸ್, ಶಾಲೆಯ ಫೀಸು, ಗಾಡಿ ಸರ್ವಿಸ್, ಹಲ್ಲಿನ ಡಾಕ್ಟರು, ನಾದಿನಿಯ ಮದುವೆ. ಹಾಳೆ ತಿರುಗಿಸಬೇಕಾಯಿತು. ಇಂಥ ಖರ್ಚನ್ನೆಲ್ಲ ಕೂಡಿಸಿ 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ. ಮನೆಯಲ್ಲಿ ದುಡ್ಡು ಓಡಾಡಿಸುವ ಎಲ್ಲರೂ ಕೂತೇ ಈ ಲೆಕ್ಕ ಮಾಡಬೇಕು. ಒಬ್ಬರೇ ಮಾಡಿದ ಪಟ್ಟಿಯನ್ನು ನಾನು ನಂಬುವುದಿಲ್ಲ.

ಈಗ ರಿಹರ್ಸಲ್. ನೀವು ಅಂದುಕೊಂಡ ಕಂತಿನಿಂದ ಈಗಿನ ಬಾಡಿಗೆ ಕಳೆಯಿರಿ. ಉಳಿದದ್ದನ್ನು ಸಂಬಳ ಬಂದ ಮಾರನೆಯ ದಿನವೇ ಬೇರೆ ಖಾತೆಗೆ ಹಾಕಿ. ಆರು ತಿಂಗಳು ಹೀಗೆ ಮಾಡಿ. ಆ ಖಾತೆಯ ಕಾರ್ಡು, ಆ್ಯಪ್ ಯಾವುದೂ ಕೈಗೆ ಸಿಗದಂತಿರಲಿ. ನಡುವೆ ತೆಗೆಯಲೇಬೇಕಾಗಿ ಬಂದರೆ ಯಾತಕ್ಕೆ ಅಂತ ಬರೆದಿಡಿ. ಎರಡು ಸಲಕ್ಕಿಂತ ಜಾಸ್ತಿ ತೆಗೆದಿದ್ದರೆ ಕಂತು ನಿಮಗೆ ಭಾರ ಅಂತಲೇ ಅರ್ಥ. ಚಿಕ್ಕ ಮನೆ ನೋಡಿ, ಇಲ್ಲವೇ ಇನ್ನಷ್ಟು ಕೂಡಿಸಿ. ಒಮ್ಮೆಯೂ ತೆಗೆಯದಿದ್ದರೆ ಡೌನ್ ಪೇಮೆಂಟಿಗೆ, ಅಂದರೆ ಮನೆಯ ಬೆಲೆಯಲ್ಲಿ ನೀವು ಕೈಯಿಂದ ಹಾಕುವ ಪಾಲಿಗೆ, ಆ ದುಡ್ಡೇ ಆಯಿತಲ್ಲ.

ಆದರೆ ಕೂಡಿಟ್ಟಿದ್ದನ್ನೆಲ್ಲ ಡೌನ್ ಪೇಮೆಂಟಿಗೆ ಸುರಿಯಬೇಡಿ. ನೋಂದಣಿ, ಸಾಗಾಟ, ಪರದೆ, ನಲ್ಲಿ ರಿಪೇರಿ ಅಂತ ಖರ್ಚು ಕಾದು ಕೂತಿರುತ್ತದೆ. ಆರು ಕಂತಿನಷ್ಟಾದರೂ ಕೈಯಲ್ಲಿರಲಿ.

ಅವಧಿಯ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಜನ ಎಡವುವುದೇ ಇಲ್ಲಿ. ಬಡ್ಡಿ ಶೇಕಡ 9, ಅವಧಿ 20 ವರ್ಷ ಅಂದುಕೊಳ್ಳಿ. ಮೊದಲ ಕಂತಿನ ಪ್ರತಿ 100ರಲ್ಲಿ 83 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಬರೀ 17. ಹತ್ತು ವರ್ಷ ತಪ್ಪದೆ ಕಟ್ಟಿದ ಮೇಲೂ ಅಸಲಿನ ಶೇಕಡ 71 ಬಾಕಿ ಇರುತ್ತದೆ. ಅರ್ಧ ಅಸಲು ತೀರಲು 14 ವರ್ಷ ಬೇಕು. ಕಂತಿನ ಪಟ್ಟಿ ತೆರೆದು ಈ ಸಾಲು ತೋರಿಸಿದರೆ ಜನ ಕ್ಯಾಲ್ಕುಲೇಟರ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಕೆಟ್ಟಿಲ್ಲ. ಬಾಕಿ ಅಸಲಿನ ಮೇಲೆ ಬಡ್ಡಿ ಹಾಕುತ್ತಾರೆ, ಶುರುವಿನಲ್ಲಿ ಬಾಕಿಯೇ ಜಾಸ್ತಿ, ಅಷ್ಟೇ.

ಇದರಲ್ಲೇ ಒಂದು ಅನುಕೂಲವೂ ಇದೆ. ಮೊದಲ ವರ್ಷಗಳಲ್ಲಿ ಅಸಲಿಗೆ ಹೆಚ್ಚುವರಿಯಾಗಿ ಕಟ್ಟಿದ ದುಡ್ಡು ತುಂಬಾ ಕೆಲಸ ಮಾಡುತ್ತದೆ. ಮೇಲಿನ ಸಾಲಕ್ಕೇ ವರ್ಷಕ್ಕೆ ಒಂದು ಕಂತು ಹೆಚ್ಚು ಕಟ್ಟುತ್ತಾ ಬಂದರೆ ಸುಮಾರು ಮೂರೂವರೆ ವರ್ಷ ಮೊದಲೇ ಮುಗಿಯುತ್ತದೆ. ಬೋನಸ್ ಬಂದಾಗ ನೆನಪಿರಲಿ. ಕಟ್ಟುವಾಗ "ಕಂತು ಇಳಿಸಬೇಡಿ, ಅವಧಿ ಇಳಿಸಿ" ಅಂತ ಬರೆದು ಕೊಡಿ.

ಫ್ಲೋಟಿಂಗ್ ದರ, ಅಂದರೆ ಆಗಾಗ ಏರಿಳಿಯುವ ಬಡ್ಡಿ, ತೆಗೆದುಕೊಂಡಿದ್ದರೆ ಇನ್ನೊಂದು ಕಡೆ ಕಣ್ಣಿಡಬೇಕು. ಶುರುವಿನಲ್ಲೇ ದರ 9ರಿಂದ 10ಕ್ಕೆ ಏರಿ, ಕಂತು ಹಾಗೇ ಇಟ್ಟು ಅವಧಿ ಎಳೆದರೆ, 20 ವರ್ಷದ ಸಾಲ 26 ವರ್ಷ ದಾಟುತ್ತದೆ. ತಿಂಗಳ ಲೆಕ್ಕದಲ್ಲಿ ಏನೂ ಬದಲಾಗದ ಕಾರಣ ಗೊತ್ತೇ ಆಗುವುದಿಲ್ಲ. ಅವಧಿ 20ರಲ್ಲೇ ನಿಲ್ಲಬೇಕಾದರೆ ಕಂತು ಸುಮಾರು ಶೇಕಡ 7 ಏರಬೇಕು. ರಿಹರ್ಸಲ್ ಮಾಡುವಾಗಲೇ ಅಷ್ಟು ಸೇರಿಸಿಕೊಳ್ಳಿ. ದರ ಬದಲಾದಾಗಲೆಲ್ಲ ಉಳಿದ ಕಂತುಗಳೆಷ್ಟು ಅಂತ ಒಮ್ಮೆ ನೋಡಿ.

ನನ್ನಂಥವರ ಹತ್ತಿರ ಬಂದಾಗ ಸಂಕೋಚಪಡದೆ ಕೇಳಬೇಕಾದ್ದು: "ನಿಮಗೆ ದುಡ್ಡು ಯಾರು ಕೊಡ್ತಾರೆ?" ಸಾಮಾನ್ಯವಾಗಿ ಸಾಲ ಕೊಡುವವರೇ ಕಮಿಷನ್ ಕೊಡುತ್ತಾರೆ, ಸಾಲ ದೊಡ್ಡದಾದಷ್ಟೂ ಅದೂ ದೊಡ್ಡದು. ನಾವು ದೊಡ್ಡ ಮೊತ್ತ ಸೂಚಿಸಿದಾಗ ಇದು ನಿಮ್ಮ ತಲೆಯಲ್ಲಿರಲಿ. ಪ್ರೊಸೆಸಿಂಗ್ ಫೀ ಎಷ್ಟು, ಮೊದಲೇ ತೀರಿಸಿದರೆ ದಂಡ ಇದೆಯಾ, ಜೊತೆಗೆ ಕೊಡುವ ಇನ್ಶೂರೆನ್ಸ್ ಕಡ್ಡಾಯವಾ ಅನ್ನೋದನ್ನು ಬಾಯಲ್ಲಲ್ಲ, ಕಾಗದದಲ್ಲಿ ಕೇಳಿ.

ಸಾಲ ಮಂಜೂರಾಗಿ ದುಡ್ಡು ಕೈಗೆ ಬರುವವರೆಗೆ ಹೊಸ ಕಾರಿನ ಸಾಲ, ಕಂತಿನ ಮೇಲೆ ಫ್ರಿಜ್ಜು, ಸ್ನೇಹಿತನಿಗೆ ಜಾಮೀನು ಏನೂ ಬೇಡ. ಕೊನೇ ಘಳಿಗೆಯಲ್ಲಿ ಮತ್ತೆ ಸ್ಕೋರ್ ನೋಡುವವರಿದ್ದಾರೆ. ಕಂತಿನ ದಿನಾಂಕವನ್ನು ಸಂಬಳದ ದಿನದಿಂದ ಮೂರ್ನಾಲ್ಕು ದಿನ ಬಿಟ್ಟು ಇಡಿಸಿ. ಬ್ಯಾಂಕಿಗೆ ಒಪ್ಪಿಸಿದ ಮನೆಯ ಮೂಲ ಪತ್ರಗಳ ಪಟ್ಟಿಗೆ ಸಹಿ, ಸೀಲು ಹಾಕಿಸಿಕೊಂಡು ಮನೆಯವರಿಗೆಲ್ಲ ಗೊತ್ತಿರುವ ಜಾಗದಲ್ಲಿಡಿ. ಕೊನೆಯ ಕಂತು ಕಟ್ಟಿದ ದಿನ ಪತ್ರಗಳನ್ನು ಎಣಿಸಿಕೊಳ್ಳುವುದು ಇದೇ ಪಟ್ಟಿ ನೋಡಿ.