ಕಡಿಮೆ ಬೆಲೆಯ .22 ಟಾರ್ಗೆಟ್ ಪಿಸ್ಟಲ್: ದುಡ್ಡು ಎಲ್ಲಿ ಉಳ್ಸಿದ್ದಾರೆ ಅಂತ ಕಂಡುಹಿಡಿಯೋದು ಹೇಗೆ

.22 ರಿಮ್‌ಫೈರ್ (ಕಾರ್ಟ್ರಿಡ್ಜ್ ಕೇಸಿನ ಅಂಚಿಗೆ ಪಿನ್ ಹೊಡೆದು ಸಿಡಿಯೋ ಬಗೆ) ಪಿಸ್ಟಲ್ ಕಡಿಮೆ ಬೆಲೆಗೆ ಸಿಗ್ತಿದೆ ಅಂದ ತಕ್ಷಣ ಅದು ಕಳಪೆ ಅಂತ ತಿಳ್ಕೋಬೇಡಿ. 1887ರಿಂದ ಬಳಕೆಲಿರೋ .22 ಲಾಂಗ್ ರೈಫಲ್ ಕಾರ್ಟ್ರಿಡ್ಜ್‌ನ ಗುಂಡು ಸಾಮಾನ್ಯವಾಗಿ ಬರೀ 2.6 ಗ್ರಾಂ, ಹಿಂದಕ್ಕೆ ಒದೆಯೋ ಶಕ್ತಿನೂ ಕಮ್ಮಿ, ಹಾಗಾಗಿ ಬೋಲ್ಟನ್ನ (ಬ್ಯಾರಲ್‌ನ ಹಿಂಬದಿ ಮುಚ್ಚೋ ಲೋಹದ ತುಂಡು) ಲಾಕ್ ಮಾಡೋ ಜಟಿಲ ವ್ಯವಸ್ಥೆ ಬೇಕಾಗಲ್ಲ, ಬೋಲ್ಟಿನ ತೂಕ ಮತ್ತು ಒಂದು ಸ್ಪ್ರಿಂಗ್ ಸಾಕು, ಬ್ಯಾರಲ್ ಅಲ್ಲಾಡದೆ ಇದ್ದಲ್ಲೇ ಇರಬಹುದು. 1949ರಲ್ಲಿ ಬಂದ ರೂಗರ್ ಸ್ಟ್ಯಾಂಡರ್ಡ್ ನೋಡಿ, ಅದರ ಹಿಡಿಕೆ ಭಾಗ ತಗಡನ್ನ ಅಚ್ಚಲ್ಲಿ ಒತ್ತಿ ಎರಡು ಹೋಳು ಮಾಡಿ ವೆಲ್ಡ್ ಮಾಡಿದ್ದು, ಖರ್ಚು ಉಳಿದಿದ್ದು ಅಲ್ಲಿ. ಆದ್ರೆ ಬ್ಯಾರಲ್ ಮಾತ್ರ ಬೋಲ್ಟ್ ಓಡಾಡೋ ಉಕ್ಕಿನ ರಿಸೀವರ್‌ಗೆ ಗಟ್ಟಿಯಾಗಿ ತಿರುಪು ಕೂತಿತ್ತು. ಪರೀಕ್ಷೆ ಮಾಡೋವಾಗ ನಾವು ಹುಡುಕಬೇಕಾಗಿರೋದು ಇದನ್ನೇ, ತಯಾರಿಸಿದವರು ದುಡ್ಡು ಉಳ್ಸಿರೋದು ಪಾಲಿಶಲ್ಲೋ, ಇಲ್ಲಾ ಗುಂಡು ನೆಟ್ಟಗೆ ಹೋಗೋಕೆ ಬೇಕಾದ ಜಾಗದಲ್ಲೋ?

ಕೈಗೆ ತಗೊಂಡ ಕೂಡ್ಲೆ ಮ್ಯಾಗಜೀನ್ ತೆಗೀರಿ, ಬೋಲ್ಟ್ ಹಿಂದಕ್ಕೆಳೆದು ಚೇಂಬರ್ (ಬ್ಯಾರಲ್ ಹಿಂಬದಿಲಿ ಕಾರ್ಟ್ರಿಡ್ಜ್ ಕೂರೋ ಜಾಗ) ಖಾಲಿ ಇದೆಯಾ ಅಂತ ಕಣ್ಣಿಂದ ನೋಡಿ, ಬೆರಳಿಂದಲೂ ಮುಟ್ಟಿ ನೋಡಿ. ಅಂಗಡಿಯವರು ನೋಡಿ ಕೊಟ್ಟಿದ್ರೂ ನೀವು ಮತ್ತೆ ನೋಡ್ಬೇಕು. ಯಾವಾಗ್ಲೂ ಮೂತಿ ಜನ ಇಲ್ಲದ ದಿಕ್ಕಿಗೇ ಇರ್ಲಿ.

ಮೊದಲು ಬ್ಯಾರಲ್ ಮತ್ತು ಗುರಿ ಹಿಡಿಯೋ ಸೈಟ್. ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಬ್ಯಾರಲ್ ಹಿಡಿದು ಅಲ್ಲಾಡಿಸಿ ನೋಡಿ. ಮುಂದಿನ ಸೈಟು, ಹಿಂದಿನ ಸೈಟು ಎರಡೂ ಬ್ಯಾರಲ್ ಜೊತೆ ಒಂದೇ ತುಂಡಿನ ಮೇಲಿದ್ರೆ ಹಿಡಿಕೆ ಸ್ವಲ್ಪ ಅಲ್ಲಾಡಿದ್ರೂ ಗುರಿಗೆ ದೊಡ್ಡ ತೊಂದ್ರೆ ಇಲ್ಲ. ಹಿಂದಿನ ಸೈಟು ಹಿಂದೆ ಮುಂದೆ ಓಡಾಡೋ ಸ್ಲೈಡ್ ಮೇಲಿದ್ದು ಆ ಸ್ಲೈಡ್ ಸಡಿಲ ಇದ್ರೆ ಮಾತ್ರ ಪ್ರತಿ ಗುಂಡಿಗೂ ಸೈಟು ಬೇರೆ ಜಾಗದಲ್ಲಿ ಕೂರತ್ತೆ. ಇದು ಎಷ್ಟು ಮುಖ್ಯ ಅಂತ ಲೆಕ್ಕ ಹಾಕಿ: ಎರಡೂ ಸೈಟ್ ಮಧ್ಯೆ 200 ಮಿಲಿಮೀಟರ್ ಅಂತರ ಇದೆ ಅಂದ್ಕೊಳ್ಳಿ, ಹಿಂದಿನ ಸೈಟು ಬರೀ 0.2 ಮಿಲಿಮೀಟರ್ ಸರಿದ್ರೆ 25 ಮೀಟರ್ ದೂರದಲ್ಲಿ ಗುಂಡು 25 ಮಿಲಿಮೀಟರ್ ಆಚೆ ಬೀಳತ್ತೆ. ಅಂತರರಾಷ್ಟ್ರೀಯ 25 ಮೀಟರ್ ಪ್ರಿಸಿಷನ್ ಟಾರ್ಗೆಟಲ್ಲಿ ಹತ್ತರ ವೃತ್ತದ ವ್ಯಾಸ 50 ಮಿಲಿಮೀಟರ್, ಅಂದ್ರೆ ಸರಿಯಾಗಿ ನಡುವಿಗೆ ಹೋಗ್ಬೇಕಾದ ಗುಂಡು ಅಂಚಿಗೆ ಹೋಯ್ತು, ಕೈ ನಡುಗಿದ್ದು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅದಕ್ಕೇ ಸೈಟ್ ಬ್ಲೇಡನ್ನ ಉಗುರಿಂದ ಮೆಲ್ಲಗೆ ಒತ್ತಿ ನೋಡಿ, ಅಲ್ಲಾಡಿದ್ರೆ ಕಾರಣ ಕೇಳಿ. ಸೈಟ್ ತಿರುಪು ತಿರುಗಿಸಿದಾಗ ಪ್ರತಿ ಕ್ಲಿಕ್ಕೂ ಸ್ಪಷ್ಟವಾಗಿ ಕೈಗೆ ಗೊತ್ತಾಗ್ಬೇಕು. ಬ್ರೌನಿಂಗ್ ಬಕ್ ಮಾರ್ಕ್ ಥರದ ವಿನ್ಯಾಸದಲ್ಲಿ ಬ್ಯಾರಲ್ಲೂ ಸೈಟ್ ಪಟ್ಟಿನೂ ತಿರುಪಿನ ಮೇಲೆ ನಿಂತಿರೋದ್ರಿಂದ ಆ ತಿರುಪುಗಳು ಬಿಗಿ ಇದೆಯಾ ಅಂತ ಆಗಾಗ ನೋಡ್ತಿರಬೇಕು, ಇದು ದೋಷ ಅಲ್ಲ, ನಿರ್ವಹಣೆ.

ಆಮೇಲೆ ಟ್ರಿಗರ್. ನನ್ನ ಪ್ರಕಾರ ಕಡಿಮೆ ಬೆಲೆಯ ಪಿಸ್ಟಲ್ ಸೋಲೋದು ಬ್ಯಾರಲ್‌ಗಿಂತ ಜಾಸ್ತಿ ಇಲ್ಲೇ. ಹಗುರ ಇದೆಯಾ ಅನ್ನೋದಕ್ಕಿಂತ ಪ್ರತಿ ಸಲವೂ ಒಂದೇ ಥರ ಇದೆಯಾ ಅನ್ನೋದು ಮುಖ್ಯ. ಎಳೆಯೋವಾಗ ಮರಳು ಸಿಕ್ಕ ಹಾಗೆ ಕರಕರ ಅನ್ನತ್ತಾ, ಬಿಡುಗಡೆಗೆ ಮುಂಚೆ ಎರಡ್ಮೂರು ಕಡೆ ತಡೆದು ತಡೆದು ಸರಿಯತ್ತಾ, ಬಿಡುಗಡೆ ಆದ್ಮೇಲೆ ಇನ್ನೂ ಎಷ್ಟು ಹಿಂದಕ್ಕೆ ಹೋಗತ್ತೆ, ಗಮನ ಇಟ್ಟು ನೋಡಿ. ಆದ್ರೆ ಗುಂಡಿಲ್ಲದೆ ಟ್ರಿಗರ್ ಎಳೆಯೋ ಮುಂಚೆ ಆ ಮಾಡೆಲ್‌ಗೆ ಅದು ಸರಿನಾ ಅಂತ ಕೈಪಿಡಿಲಿ ನೋಡಿ, ಕಾರಣ ಮುಂದೆ ಹೇಳ್ತೀನಿ. ತೂಕ ನೋಡೋಕೆ ಒಂದು ಕಿಲೋ ತೂಕದ ಬಟ್ಟು, ಒಂದು ಕೊಕ್ಕೆ ಸಾಕು. ಖಾಲಿ ಪಿಸ್ಟಲ್ ಕಾಕ್ ಮಾಡಿ (ಟ್ರಿಗರ್ ಎಳೆದ್ರೆ ಬಿಡುಗಡೆ ಆಗೋ ಸ್ಥಿತಿಗೆ ತಂದು), ಮೂತಿ ಮೇಲಕ್ಕಿಟ್ಟು, ಟ್ರಿಗರ್‌ಗೆ ಕೊಕ್ಕೆ ಹಾಕಿ ನೆಲದ ಮೇಲಿರೋ ಬಟ್ಟನ್ನ ನಿಧಾನವಾಗಿ ಎತ್ತಿ. 25 ಮೀಟರ್ ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ ಟ್ರಿಗರ್ ಕನಿಷ್ಠ 1000 ಗ್ರಾಂ ತಡೀಲೇಬೇಕು, ಕಡಿಮೆ ಬೆಲೆಯವುಗಳಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಭಾರನೇ ಇರತ್ತೆ. ಹಳೇ ಪಿಸ್ಟಲ್ ಒಂದು ಕಿಲೋಗೂ ನಿಲ್ಲದೆ ಬಿಡುಗಡೆ ಆದ್ರೆ ಖುಷಿ ಪಡಬೇಡಿ, ಯಾರೋ ಒಳಗಡೆ ಉಜ್ಜಿ ಸವೆಸಿರಬಹುದು. ಸೇಫ್ಟಿ ಹಾಕಿ ಟ್ರಿಗರ್ ಗಟ್ಟಿಯಾಗಿ ಎಳೀರಿ, ಬಿಡಿ, ಆಮೇಲೆ ಸೇಫ್ಟಿ ತೆಗೀರಿ, ಹ್ಯಾಮರ್ (ಪಿನ್ನಿಗೆ ಬಡಿಯೋ ಭಾಗ) ತಾನಾಗೇ ಬಿದ್ರೆ ಆ ಪಿಸ್ಟಲನ್ನ ವಾಪಸ್ ಇಟ್ಟುಬಿಡಿ, ಬೆಲೆ ಎಷ್ಟು ಇಳಿಸಿದ್ರೂ ಬೇಡ.

ಈಗ ಚೇಂಬರ್. ರಿಮ್‌ಫೈರಲ್ಲಿ ಸಿಡಿಯೋ ಮದ್ದು ಕೇಸಿನ ಅಂಚಿನೊಳಗೇ ಇರತ್ತೆ, ಫೈರಿಂಗ್ ಪಿನ್ ಹೊಡೆಯೋದು ಆ ಅಂಚಿಗೆ. ಕಾರ್ಟ್ರಿಡ್ಜ್ ಇಲ್ಲದಾಗ ಕೆಲವು ವಿನ್ಯಾಸಗಳಲ್ಲಿ ಪಿನ್ ಹೋಗಿ ಚೇಂಬರಿನ ಬಾಯಿಗೇ ಬಡಿಯತ್ತೆ, ಹಾಗೆ ಬಡಿದು ಬಡಿದು ಅಲ್ಲಿ ಗುಳಿ ಬಿದ್ದು ಲೋಹ ಒಳಕ್ಕೆ ಉಬ್ಬಿದ್ರೆ ಕಾರ್ಟ್ರಿಡ್ಜ್ ಪೂರ್ತಿ ಒಳಗೆ ಕೂರಲ್ಲ, ಖಾಲಿ ಕೇಸು ಸಲೀಸಾಗಿ ಆಚೆ ಬರಲ್ಲ. ಟಾರ್ಚ್ ಹಾಕಿ ಆ ಅಂಚನ್ನ ನೋಡಿ. ಬ್ಯಾರಲ್ ಮೂತಿನೂ ನೋಡಿ, ಗುಂಡು ಕೊನೇ ಸಲ ಲೋಹ ಮುಟ್ಟೋ ಜಾಗ ಅದು, ಅಲ್ಲಿ ಗೀರು ಇದ್ರೆ ಯಾರೋ ಕ್ಲೀನಿಂಗ್ ರಾಡನ್ನ ಮುಂದಿಂದ ಅಜಾಗರೂಕತೆಯಿಂದ ತಳ್ಳಿರ್ತಾರೆ.

ಮ್ಯಾಗಜೀನ್‌ನ ತುಟಿ (ಕಾರ್ಟ್ರಿಡ್ಜ್ ಹಿಡ್ಕೊಳ್ಳೋ ಮೇಲಿನ ಅಂಚು) ಬಾಗಿರಬಾರದು, ಎರಡಿದ್ರೆ 1, 2 ಅಂತ ಬರೆದಿಡಿ, ಜಾಮ್ ಆದಾಗ ತಪ್ಪು ಪಿಸ್ಟಲ್‌ದಾ ಮ್ಯಾಗಜೀನ್‌ದಾ ಅಂತ ಗೊತ್ತಾಗತ್ತೆ.

ಅವಕಾಶ ಇದ್ರೆ ರೇಂಜಲ್ಲಿ ಹಾರಿಸಿ ನೋಡದೆ ತಗೋಬೇಡಿ. ಟಾರ್ಗೆಟ್ ಗುಂಡುಗಳು ಬಹುತೇಕ ಸ್ಟ್ಯಾಂಡರ್ಡ್ ವೆಲಾಸಿಟಿ, ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್ ಆದ್ರೆ ಇವು ಅದಕ್ಕಿಂತ ಸ್ವಲ್ಪ ಕಮ್ಮಿ. ಕೆಲವು ಪಿಸ್ಟಲ್‌ಗಳು ಇನ್ನೂ ವೇಗದ ಹೈ ವೆಲಾಸಿಟಿ ಗುಂಡಿಗೆ ಮಾತ್ರ ಸರಿಯಾಗಿ ಕೆಲಸ ಮಾಡ್ತವೆ, ಅಂಥದ್ದು ಡಬ್ಬ ಹೊಡೆಯೋಕೆ ಓಕೆ, ಟಾರ್ಗೆಟ್‌ಗೆ ಅಲ್ಲ. ಮರಳಿನ ಚೀಲದ ಮೇಲಿಟ್ಟು 25 ಮೀಟರಿಂದ ಐದೈದು ಗುಂಡಿನ ನಾಲ್ಕು ಗುಂಪು ಹಾರಿಸಿ, ಹೀಗೇ ಮೂರ್ನಾಲ್ಕು ಬ್ರ್ಯಾಂಡ್ ಗುಂಡಲ್ಲಿ, ಯಾಕಂದ್ರೆ ಒಂದೊಂದು ಬ್ಯಾರಲ್‌ಗೂ ಒಂದೊಂದು ಗುಂಡು ಹೊಂದತ್ತೆ. ಇರೋದ್ರಲ್ಲಿ ಚೆನ್ನಾಗಿರೋ ಒಂದು ಗುಂಪು ತೋರಿಸಿ ಮಾರೋರನ್ನ ನಂಬಬೇಡಿ, ಎಲ್ಲಾ ಗುಂಪುಗಳೂ ಆ 50 ಮಿಲಿಮೀಟರ್ ಒಳಗೆ ಬಂದ್ರೆ ಕಲಿಯೋರಿಗೆ ಧಾರಾಳ ಸಾಕು.

ಟ್ರಿಗರ್ ಎಳೆದ್ರೂ ಸಿಡೀಲಿಲ್ಲ ಅಂದ್ರೆ ಮೂತಿ ಟಾರ್ಗೆಟ್ ಕಡೆಗೇ ಇಟ್ಟು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯೋದೂ ಉಂಟು. ಆಮೇಲೆ ಆ ಕಾರ್ಟ್ರಿಡ್ಜ್ ತೆಗೆದು ಪಿನ್ನಿನ ಗುರುತು ನೋಡಿ, ಗುರುತು ಆಳವಾಗಿದ್ರೆ ಬಹುಶಃ ಗುಂಡಿನದೇ ತಪ್ಪು, ಮೇಲೆ ಮೇಲೆ ತಾಗಿದ ಹಾಗಿದ್ರೆ ಪಿನ್ನು, ಸ್ಪ್ರಿಂಗು ಅಥವಾ ಒಳಗಿನ ಕೊಳೆ.

ದುಡ್ಡು ಕೊಡೋ ಮುಂಚೆ ಸೀರಿಯಲ್ ನಂಬರ್ ಬರ್ಕೊಂಡು ತಯಾರಕರ ರೀಕಾಲ್ ಪಟ್ಟಿಲಿದೆಯಾ ಅಂತ ನೋಡಿ. ಹೆಸರಾಂತ ರೂಗರ್ ಮಾರ್ಕ್ ಫೋರ್ 2016ರಲ್ಲಿ ಬಂತು, 2017ರಲ್ಲಿ ಕಂಪನಿನೇ ಅದನ್ನ ವಾಪಸ್ ಕರೀತು, ಸೇಫ್ಟಿ ಅರ್ಧಕ್ಕೆ ನಿಂತಾಗ ಟ್ರಿಗರ್ ಎಳೆದಿದ್ರೆ ಆಮೇಲೆ ಸೇಫ್ಟಿ ಸರಿಸುವಾಗ ಗುಂಡು ಹಾರೋ ಸಾಧ್ಯತೆ ಇತ್ತು ಅಂತ. ಅಂಥ ಪಿಸ್ಟಲ್ ಸೆಕೆಂಡ್ ಹ್ಯಾಂಡಲ್ಲಿ ಸಿಕ್ರೆ ರಿಪೇರಿ ಆಗಿದೆ ಅಂತ ಖಾತ್ರಿ ಆಗೋವರೆಗೂ ಅದಕ್ಕೆ ಗುಂಡು ತುಂಬಬೇಡಿ.